ಪಥ್ಯವೂ ಉಣ್ಣುವವನೂ

‘ಪಥ್ಯ’ವೆಂಬ ಮಾತು ಕಿವಿಗೆ ಬಿದ್ದೊಡನೆ ರೋಗಿಯ ಮುಖ ಮಾತ್ರವಲ್ಲದೆ ಅವನಿಗೆ ಅಡುಗೆ ಮಾಡಿ ಬಡಿಸುವವರ ಮುಖವೂ ಬಾಡುವುದನ್ನು ನಮ್ಮ ಮನೆಗಳಲ್ಲಿ ಯಾರು ಕಂಡಿಲ್ಲ? ಉಪ್ಪು ಕಡಿಮೆ, ಹುಳಿ ಬೇಡ, ಕರಿದುದು ಕೂಡದು, ಸಿಹಿಯ ಹೆಸರನ್ನೇ ಎತ್ತಬಾರದು ಎಂಬ ನಿಷೇಧಗಳ ಸರಮಾಲೆಯಾಗಿ ಆ ಪದವು ನಮ್ಮ ಮನಸ್ಸಿನಲ್ಲಿ ನೆಲೆಗೊಂಡುಬಿಟ್ಟಿದೆ. ಪದದ ಹುಟ್ಟನ್ನು ವಿಚಾರಿಸಿದರೆ ಅದರ ಅರ್ಥವು ಬೇರೆಯೇ ಆಗಿ ತೋರುತ್ತದೆ. ಪಥವೆಂದರೆ ದಾರಿ, ಶರೀರದ ದಾರಿಯಿಂದ ಆಚೀಚೆ ಸರಿಯದಿರುವುದು ಯಾವುದೋ, ಜೊತೆಗೆ ಮನಸ್ಸಿಗೂ ಪ್ರಿಯವಾಗಿರುವುದು ಯಾವುದೋ, ಅದೇ ಪಥ್ಯವೆಂಬುದು ಚರಕಸಂಹಿತೆಯು ಹೇಳುವ ಲಕ್ಷಣ. ಮನಸ್ಸಿಗೆ ಪ್ರಿಯವಾಗಿರಬೇಕೆಂಬ ಆ ಎರಡನೆಯ ನಿಬಂಧನೆಯನ್ನು ಮುಂದಣ ಕಾಲದಲ್ಲಿ ವೈದ್ಯರೂ ಮರೆತರು, ರೋಗಿಗಳೂ ಮರೆತರು. ಅದು ಹೇಗೆ ಮರೆಯಾಯಿತು, ಎಷ್ಟು ಕಷ್ಟಗಳನ್ನು ದಾಟಿ ಮತ್ತೆ ನೆನಪಿಗೆ ಬಂದಿತು ಎಂಬುದನ್ನು ಒಂದೇ ಒಂದು ರೋಗದ ಚರಿತ್ರೆಯನ್ನು ಹಿಡಿದು ಇಲ್ಲಿ ನೋಡಬೇಕೆಂದಿದ್ದೇನೆ. ಆ ರೋಗ ಮಧುಮೇಹ. ಜನರ ಬಾಯಲ್ಲಿ ಸಕ್ಕರೆ ಕಾಯಿಲೆ. ಅಡುಗೆಮನೆಗೂ ಔಷಧಶಾಲೆಗೂ ನಡುವೆ ಇರುವ ಹಾದಿಯನ್ನು ಇದರಷ್ಟು ಸಾರಿ ತುಳಿದ ರೋಗ ಬೇರೊಂದಿಲ್ಲ.

ಆಹಾರದ ಗುಣದೋಷಗಳನ್ನು ನಿರ್ಣಯಿಸುವಾಗ ಎಂಟು ಸಂಗತಿಗಳನ್ನು ನೋಡಬೇಕೆಂದು ಚರಕಸಂಹಿತೆಯ ವಿಮಾನಸ್ಥಾನವು ವಿಧಿಸುತ್ತದೆ. ಪದಾರ್ಥದ ಸಹಜಗುಣವಾದ ಪ್ರಕೃತಿ, ಅದನ್ನು ಬೇಯಿಸಿ ಕಡೆದು ಮಾಡುವ ಸಂಸ್ಕಾರವಾದ ಕರಣ, ಒಂದರೊಡನೆ ಇನ್ನೊಂದನ್ನು ಸೇರಿಸುವ ಸಂಯೋಗ, ಎಷ್ಟೆಂಬ ಲೆಕ್ಕವಾದ ರಾಶಿ, ಬೆಳೆದ ಮತ್ತು ಉಣ್ಣುವ ದೇಶ, ಋತುವನ್ನೂ ರೋಗದ ಅವಸ್ಥೆಯನ್ನೂ ಒಳಗೊಂಡ ಕಾಲ, ಉಣ್ಣುವ ಕ್ರಮದ ನಿಯಮಗಳು, ಇವು ಏಳು. ಎಂಟನೆಯದು ಉಪಯೋಕ್ತೃ, ಎಂದರೆ ಉಣ್ಣುವವನು. ಯಾವ ಅಭ್ಯಾಸದಲ್ಲಿ ಬೆಳೆದು ಬಂದನೋ ಆ ಅಭ್ಯಾಸದ ಬಲದಿಂದ ಅವನಿಗೆ ಒಗ್ಗುವುದು ಒಗ್ಗದಿರುವುದು ನಿರ್ಧಾರವಾಗುವುದರಿಂದ ಅವನನ್ನು ಬಿಟ್ಟು ಮಿಕ್ಕ ಏಳನ್ನು ಎಷ್ಟು ಎಣಿಸಿದರೂ ಲೆಕ್ಕ ಪೂರ್ಣವಾಗುವುದಿಲ್ಲ. ಆಹಾರಶಾಸ್ತ್ರದ ಪರಿಗಣನೆಯಲ್ಲಿ ಅನ್ನದೊಡನೆ ಉಣ್ಣುವವನನ್ನೂ ಒಂದು ಅಂಶವಾಗಿ ಎಣಿಸಿದ ಈ ವಿವೇಕವನ್ನು ನಾನು ಅತ್ಯಂತ ಬೆಲೆಯುಳ್ಳದ್ದೆಂದು ಭಾವಿಸುತ್ತೇನೆ.

ಈ ವಿವೇಕವು ತತ್ತ್ವವಾಗಿಯೇ ಉಳಿದುಹೋಗಲಿಲ್ಲವೆಂಬುದಕ್ಕೆ ಪ್ರಮೇಹದ ಚಿಕಿತ್ಸೆಯೇ ಸಾಕ್ಷಿ. ಪ್ರಾಚೀನರು ಹೇಳಿದ ಇಪ್ಪತ್ತು ಬಗೆಯ ಪ್ರಮೇಹಗಳೆಲ್ಲವೂ ಇಂದಿನ ಮಧುಮೇಹವಲ್ಲ; ಆದರೆ ಜೇನಿನಂತೆ ಸಿಹಿಯಾದ, ಇರುವೆಗಳು ಮುತ್ತುವ ಮೂತ್ರವನ್ನು ಕುರಿತು ಅವರು ಬರೆದಿರುವುದನ್ನು ಓದಿದವರಿಗೆ ರೋಗದ ಗುರುತು ಸಿಕ್ಕದೆ ಇರುವುದಿಲ್ಲ. ಈ ರೋಗಿಗಳಲ್ಲಿ ಸ್ಥೂಲನೂ ಬಲಿಷ್ಠನೂ ಆದವನು ಒಬ್ಬ, ಕೃಶನೂ ದುರ್ಬಲನೂ ಆದವನು ಇನ್ನೊಬ್ಬ. ಮೊದಲನೆಯವನ ಶರೀರವನ್ನು ಶೋಧಿಸಿ ಇಳಿಸಬೇಕು, ಎರಡನೆಯವನನ್ನು ಪೋಷಿಸಿ ತುಂಬಬೇಕು ಎಂದು ಚರಕನು ವಿಂಗಡಿಸಿದನು. ಸುಶ್ರುತನು ಇನ್ನೂ ಮುಂದೆ ಹೋಗಿ ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ರೋಗವನ್ನೇ ಎರಡಾಗಿ ಮಾಡಿದನು. ಇಬ್ಬರ ಗ್ರಂಥಗಳಲ್ಲಿಯೂ ಪ್ರಮೇಹಿಯ ಮುಖ್ಯಾಹಾರ ಜವೆ. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಜವೆಯಲ್ಲ. ಧನಹೀನನಾದ ಪ್ರಮೇಹಿಗೆ ಸುಶ್ರುತನು ಹೇಳಿದ ಮಾರ್ಗ. ಬೆಲೆಬಾಳುವ ಔಷಧಗಳನ್ನು ಕೊಳ್ಳಲಾರದವನು ಕೊಡೆ ಕೆರಗಳಿಲ್ಲದೆ ನೂರು ಯೋಜನ ನಡೆಯಲಿ, ಭಿಕ್ಷೆಯಿಂದ ಜೀವಿಸಲಿ, ಇಲ್ಲವೆ ಬಾವಿಯನ್ನು ತೋಡಲಿ ಎಂಬ ಅರ್ಥದ ವಿಧಿ ಅಲ್ಲಿದೆ. ಒಂದೇ ರೋಗಕ್ಕೆ ಸಿರಿವಂತನಿಗೊಂದು, ಬಡವನಿಗೊಂದು ದಾರಿಯನ್ನು ತೋರಿಸಿದ ಆ ವೈದ್ಯನು ರೋಗಿಯ ನಾಡಿಯ ಜೊತೆಗೆ ಅವನ ಕಣಜವನ್ನೂ ನೋಡಿದ್ದನೆಂದು ಹೇಳಬೇಕು.

ಕನ್ನಡ ನಾಡಿನಲ್ಲಿ ಈ ವಿದ್ಯೆಯು ಬೇರೊಂದು ಬಗೆಯಲ್ಲಿ ಬೆಳೆಯಿತು. ಕ್ರಿ.ಶ. 1025ರ ಹೊತ್ತಿಗೆ, ಚಾಲುಕ್ಯ ಜಯಸಿಂಹನ ಆಳ್ವಿಕೆಯಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೈದ್ಯಕ್ಕೂ ಸೂಪಶಾಸ್ತ್ರಕ್ಕೂ ಒಂದೇ ಗ್ರಂಥದೊಳಗೆ ಮನೆ ದೊರಕಿತು, ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯಲ್ಲಿ ಅಡುಗೆಯನ್ನೂ ಮದ್ದನ್ನೂ ಬೇರ್ಪಡಿಸಬೇಕೆಂದು ಆ ಕವಿಗೆ ತೋರಲಿಲ್ಲ. ಅದಕ್ಕೂ ಹಿಂದೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವನಾದ ಉಗ್ರಾದಿತ್ಯನೆಂಬ ಜೈನ ವೈದ್ಯನು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ಗ್ರಂಥವನ್ನು ಬರೆದನು. ಮಾಂಸ, ಮದ್ಯ, ಮಧು ಈ ಮೂರನ್ನೂ ಬಿಟ್ಟು ಸಕಲ ರೋಗಗಳಿಗೂ ಚಿಕಿತ್ಸೆಯನ್ನು ಕಟ್ಟುವ ಸಾಹಸ ಅದು. ಅದರ ಕೊನೆಯಲ್ಲಿ ಮಾಂಸಾಹಾರದ ನಿರರ್ಥಕತೆಯನ್ನು ಕುರಿತು ರಾಜಸಭೆಯಲ್ಲಿ ಮಾಡಿದ ಉಪನ್ಯಾಸವೂ ಸೇರಿದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಿಸಿದಾಗಲೂ ಈ ವ್ರತವನ್ನು ಬಿಡಲಿಲ್ಲ. ಜೇನು ಮಾಂಸರಸಗಳನ್ನು ಯಥೇಚ್ಛವಾಗಿ ಬಳಸುತ್ತಿದ್ದ ಪರಂಪರೆಯ ಎದುರಿಗೆ ನಿಂತು, ರೋಗಿಯ ಧರ್ಮವನ್ನು ಕೆಡಿಸದೆ ಅವನ ರೋಗವನ್ನು ಗುಣಪಡಿಸಬೇಕೆಂದು ಹೊರಟ ಈ ವೈದ್ಯರು ಎಂಟನೆಯ ಅಂಶವಾದ ಉಣ್ಣುವವನನ್ನು ಪೂರ್ಣವಾಗಿ ಗೌರವಿಸಿದವರು.

ಇನ್ನು ಐರೋಪ್ಯರ ಕಡೆಗೆ ತಿರುಗಬೇಕು. ಅಳತೆಯ ವಿದ್ಯೆ ಹುಟ್ಟಿದ್ದು ಅಲ್ಲಿ. 1776ರಲ್ಲಿ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ಮಧುಮೇಹಿಯ ಮೂತ್ರವನ್ನು ಇಂಗಿಸಿ, ತಳದಲ್ಲಿ ಉಳಿದುದು ಸಕ್ಕರೆಯೇ ಎಂದು ತೋರಿಸಿದನು. ಸಕ್ಕರೆ ಹೊರಗೆ ಹೋಗುತ್ತಿರುವುದು ನಿಶ್ಚಯವಾದ ಮೇಲೆ ಅದು ಒಳಗೆ ಬರುವ ಬಾಗಿಲನ್ನು ಮುಚ್ಚಬೇಕೆಂಬ ಯೋಚನೆ ಸಹಜವಾಗಿಯೇ ಬಂದಿತು. ಬ್ರಿಟಿಷ್ ಫಿರಂಗಿದಳದ ಶಸ್ತ್ರವೈದ್ಯ ಜಾನ್ ರೋಲೋ ಸ್ಥೂಲಕಾಯನಾದ ಕ್ಯಾಪ್ಟನ್ ಮೆರೆಡಿತ್ ಎಂಬ ತನ್ನ ರೋಗಿಗೆ ಹಾಲು, ಸುಣ್ಣದ ತಿಳಿನೀರು, ಸ್ವಲ್ಪವೇ ಬ್ರೆಡ್ಡು ಬೆಣ್ಣೆ, ರಕ್ತ ಮತ್ತು ಕೊಬ್ಬಿನಿಂದ ಮಾಡಿದ ಕಡುಬು, ಬಹುದಿನ ಇಟ್ಟು ಹಳಸಿದ ಕೊಬ್ಬಿನ ಮಾಂಸ ಇವುಗಳನ್ನು ವಿಧಿಸಿ, ಫಲವನ್ನು ಕಂಡು, 1797ರಲ್ಲಿ ಪ್ರಕಟಿಸಿದನು. ಮೆರೆಡಿತ್ ಇಳಿದು ಚೇತರಿಸಿಕೊಂಡನು. ಆದರೆ ಅಂತಹ ಊಟವನ್ನು ಎಷ್ಟು ದಿನ, ಎಷ್ಟು ಮಂದಿ ಉಂಡಾರು? ಮನಸ್ಸಿಗೆ ಪ್ರಿಯವಾಗಿರಬೇಕೆಂಬ ಮಾತು ಇಲ್ಲಿ ಪೂರ್ತಿಯಾಗಿ ಬಿದ್ದುಹೋಯಿತು.

ಈ ಚರಿತ್ರೆಯಲ್ಲಿ ನಾನು ಅತಿಯಾಗಿ ಮೆಚ್ಚುವ ಪುರುಷ ಪ್ಯಾರಿಸ್ಸಿನ ಅಪೊಲಿನೇರ್ ಬೂಷಾರ್ದಾ. ಔಷಧಶಾಲೆಯಲ್ಲಿ ಜೀವನವನ್ನು ಆರಂಭಿಸಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕನಾದ ಈತನು ದೀರ್ಘಕಾಲ ಮಧುಮೇಹಿಗಳನ್ನು ಉಪಚರಿಸಿದ್ದನು. 1870ರಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ಸನ್ನು ಮುತ್ತಿತು. ತಿಂಗಳುಗಟ್ಟಲೆ ನಗರದ ಬಾಗಿಲುಗಳು ಮುಚ್ಚಿದ್ದು ಜನರು ಅನ್ನಕ್ಕಾಗಿ ಪರದಾಡಿದರು. ಊರಿಗೆ ಊರೇ ಹಸಿದಿದ್ದ ಆ ದಿನಗಳಲ್ಲಿ ತನ್ನ ರೋಗಿಗಳ ಮೂತ್ರದಿಂದ ಸಕ್ಕರೆ ಮರೆಯಾಗುತ್ತಿರುವುದನ್ನು ಬೂಷಾರ್ದಾ ಕಂಡನು. ಏನನ್ನು ತಿನ್ನಬೇಕೆಂಬುದರಷ್ಟೇ ಎಷ್ಟನ್ನು ತಿನ್ನಬೇಕೆಂಬುದೂ ಮುಖ್ಯವೆಂದು ತೋರಿಸುತ್ತ, ಚರಕನು ರಾಶಿಯೆಂದು ಕರೆದ ಆ ನಾಲ್ಕನೆಯ ಅಂಶವು ಪ್ಯಾರಿಸ್ಸಿನ ಮುತ್ತಿಗೆಯಲ್ಲಿ ಹೀಗೆ ಪುನಃ ಪ್ರತ್ಯಕ್ಷವಾಯಿತು. ಆತನು ಹಿಟ್ಟಿನ ಪಿಷ್ಟವನ್ನು ತೊಳೆದು ತೆಗೆದ ಬ್ರೆಡ್ಡನ್ನೂ, ಬೇಯಿಸಿದ ನೀರನ್ನು ಬಸಿದು ಚೆಲ್ಲಿದ ಸೊಪ್ಪು ತರಕಾರಿಗಳನ್ನೂ, ಮೈ ಬಗ್ಗಿಸಿ ದುಡಿಯುವುದನ್ನೂ ವಿಧಿಸಿದನು. ಸುಶ್ರುತನ ಬಾವಿ ತೋಡುವವನು ಅವನಿಗೆ ಗೊತ್ತಿರಲಾರದು. ಆದರೂ ಇಬ್ಬರೂ ಬಂದು ಸೇರಿದ ಸ್ಥಳ ಒಂದೇ. ಎಲ್ಲಕ್ಕೂ ಮಿಗಿಲಾಗಿ, ಒಬ್ಬೊಬ್ಬ ರೋಗಿಯ ಸಹನೆಯ ಮಿತಿ ಬೇರೆ ಬೇರೆಯೆಂದು ತಿಳಿದು ಆತನು ಪ್ರತಿಯೊಬ್ಬರಿಗೂ ಪ್ರತ್ಯೇಕವಾದ ಪಥ್ಯವನ್ನು ರೂಪಿಸಿದನು. ಅವರವರ ಮೂತ್ರವನ್ನು ದಿನದಿನವೂ ಅವರವರೇ ಪರೀಕ್ಷಿಸಿಕೊಳ್ಳುವಂತೆ ಕಲಿಸಿದನು. ರೋಗಿಯನ್ನು ಚಿಕಿತ್ಸೆಯ ಪಾಲುಗಾರನನ್ನಾಗಿ ಮಾಡಿದ ಈ ಕಾರ್ಯವನ್ನು ಇಂದಿನ ಆಹಾರತಜ್ಞರ ವೃತ್ತಿಯ ಮೊದಲ ಕಲ್ಲೆಂದು ಎಣಿಸಿದರೆ ತಪ್ಪಾಗಲಾರದು.

ಆ ಕಲ್ಲಿನ ಮೇಲೆ ಗೋಡೆ ಏಳಲು ಬಹುಕಾಲ ಬೇಕಾಯಿತು. ನೇಪಲ್ಸಿನ ಕಾಂತಾನಿ ಎಂಬ ವೈದ್ಯನು ಪಥ್ಯ ಮುರಿಯಬಾರದೆಂದು ರೋಗಿಗಳನ್ನು ಕೋಣೆಯೊಳಗೆ ಬೀಗ ಹಾಕಿ ಇಡುತ್ತಿದ್ದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಓಟ್ಸ್ ಚಿಕಿತ್ಸೆ, ಹಾಲಿನ ಚಿಕಿತ್ಸೆ, ಅಕ್ಕಿಯ ಚಿಕಿತ್ಸೆ, ಆಲೂಗಡ್ಡೆಯ ಚಿಕಿತ್ಸೆ ಎಂದು ಒಂದಾದ ಮೇಲೊಂದು ಬಂದು ಹೋದವು. ಅವೆಲ್ಲ ಒಂದು ಪದಾರ್ಥವನ್ನು ಹಿಡಿದು ಎಲ್ಲರನ್ನೂ ಗುಣಪಡಿಸಹೊರಟವು. ಅವುಗಳ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ.

ಹೇಳಬೇಕಾದುದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಫ್ರೆಡರಿಕ್ ಆಲನ್ ನಡೆಸಿದ ಉಪವಾಸ ಚಿಕಿತ್ಸೆಯನ್ನು ಕುರಿತು. 1914ರ ಸುಮಾರಿಗೆ ಆರಂಭವಾದ ಈ ಕ್ರಮದಲ್ಲಿ ಮೂತ್ರದ ಸಕ್ಕರೆ ನಿಲ್ಲುವವರೆಗೆ ರೋಗಿಯನ್ನು ಉಪವಾಸವಿಟ್ಟು, ಅನಂತರ ಗ್ರಾಮು ಗ್ರಾಮಾಗಿ ಆಹಾರವನ್ನು ಏರಿಸುತ್ತ, ಸಕ್ಕರೆ ಮರಳಿ ಕಂಡೊಡನೆ ತಡೆದು, ಆ ಮಿತಿಯೊಳಗೇ ಅವನನ್ನು ಬದುಕಿಸಬೇಕಾಗಿತ್ತು. ತರಕಾರಿಯನ್ನು ಮೂರು ಸಲ ಬೇಯಿಸಿ ಮೂರು ಸಲವೂ ನೀರನ್ನು ಚೆಲ್ಲಿ, ಉಳಿದ ಸಾರಹೀನವಾದ ನಾರನ್ನು ಹೊಟ್ಟೆಗೆ ತುಂಬಿಸುತ್ತಿದ್ದರು. ದೊಡ್ಡವರಲ್ಲಿ ಕೆಲವರಿಗೆ ಇದರಿಂದ ಉಪಕಾರವಾಯಿತು. ಮಕ್ಕಳ ಪಾಲಿಗೆ ಇದು ಸಾವನ್ನು ಕೆಲವು ತಿಂಗಳು ಮುಂದೂಡುವ ಹಸಿವೆಯಾಗಿತ್ತು. ಆಲನ್ನನ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷದ, ಕಣ್ಣು ಕಾಣದ ಒಬ್ಬ ಹುಡುಗನಿದ್ದನು. ಪಥ್ಯವನ್ನು ಎಷ್ಟು ಬಿಗಿಮಾಡಿದರೂ ಅವನ ಮೂತ್ರದಲ್ಲಿ ಸಕ್ಕರೆ ಕಾಣುತ್ತಲೇ ಇದ್ದುದರಿಂದ ವಿಚಾರಿಸಿ ನೋಡಲಾಗಿ, ಆ ಮಗು ಹಲ್ಲುಜ್ಜುವ ಪೇಸ್ಟನ್ನೂ, ಕೋಣೆಯಲ್ಲಿದ್ದ ಹಕ್ಕಿಯ ಪಂಜರದೊಳಗಿನ ಕಾಳನ್ನೂ ತಿನ್ನುತ್ತಿದ್ದುದು ತಿಳಿಯಿತು. ಈ ಪ್ರಸಂಗವನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆನು. ಆಲನ್ ಕ್ರೂರಿಯಲ್ಲ, ತನ್ನ ಕಾಲಕ್ಕೆ ತಿಳಿದಿದ್ದ ಒಂದೇ ಉಪಾಯವನ್ನು ಪ್ರಾಮಾಣಿಕವಾಗಿ ಆಚರಿಸಿದವನು. ಹುಟ್ಟಿನಿಂದ ಬಂದ, ಕೃಶನ ಪ್ರಮೇಹವು ಅಸಾಧ್ಯವೆಂದು ಕೈಚೆಲ್ಲಿದ ಪ್ರಾಚೀನರೂ ಇದೇ ಗೋಡೆಯ ಮುಂದೆ ನಿಂತಿದ್ದರು. ಪಥ್ಯದ ಶಕ್ತಿಗೊಂದು ಮೇರೆಯುಂಟು. ಆ ಮೇರೆಯಿಂದಾಚೆಗೆ ಔಷಧವೇ ಬೇಕು.

ಆ ಔಷಧ ಟೊರಾಂಟೊ ನಗರದಲ್ಲಿ ದೊರೆಯಿತು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್, ಮ್ಯಾಕ್ಲಿಯಡ್ ಇವರ ಪರಿಶ್ರಮದಿಂದ ಸಿದ್ಧವಾದ ಇನ್ಸುಲಿನ್ನನ್ನು 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲೆನರ್ಡ್ ಥಾಂಪ್ಸನ್ನನಿಗೆ ಮೊದಲ ಸಲ ಚುಚ್ಚಿದರು, ಅದು ಫಲಿಸಲಿಲ್ಲ. ಕಾಲಿಪ್ ಶುದ್ಧಿಗೊಳಿಸಿದ ಸತ್ತ್ವವನ್ನು ಅದೇ ತಿಂಗಳ 23ರಿಂದ ಕೊಡತೊಡಗಿದಾಗ ಹುಡುಗನು ಚೇತರಿಸಿಕೊಂಡನು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ಮೂರು ವರ್ಷಗಳಿಂದ ಆಲನ್ನನ ಪಥ್ಯದಲ್ಲಿ ಸವೆದುಹೋಗಿದ್ದ ಎಲಿಜಬೆತ್ ಹ್ಯೂಸ್ ಎಂಬ ಬಾಲಿಕೆ ಬ್ಯಾಂಟಿಂಗನ ಬಳಿಗೆ ಬಂದಳು. ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳಾದ ಅವಳು ಹದಿನೈದು ತುಂಬುವುದರಲ್ಲಿದ್ದಳು. ತೂಕ ಸುಮಾರು 45 ಪೌಂಡು. ಇನ್ಸುಲಿನ್ ಸಿಕ್ಕ ಮೇಲೆ, ವರ್ಷಗಳ ತರುವಾಯ ಒಂದು ತುಂಡು ಬ್ರೆಡ್ಡನ್ನು ರುಚಿನೋಡಿದ ಆಕೆ ತನ್ನ ತಾಯಿಗೆ ಬರೆದ ಪತ್ರಗಳು ಅನ್ನದ ಸಂತೋಷದಿಂದ ತುಂಬಿವೆ. ಮದುವೆಯಾಗಿ, ಮಕ್ಕಳನ್ನು ಹೆತ್ತು, 1981ರವರೆಗೆ ಆಕೆ ಬಾಳಿದಳು.

ಔಷಧ ಬಂದಿತು, ಇನ್ನು ಪಥ್ಯವೇಕೆ ಎಂದು ಆಗ ಹಲವರು ಭಾವಿಸಿದರು. ನಡೆದುದು ಅದಕ್ಕೆ ವಿರುದ್ಧ. ಇನ್ಸುಲಿನ್ ಚುಚ್ಚಿಕೊಂಡವನು ಉಣ್ಣುವುದು ತಡವಾದರೆ ಬೆವರಿ ನಡುಗಿ ಪ್ರಜ್ಞೆತಪ್ಪುವನು. ಹೆಚ್ಚು ಉಂಡರೆ ಸಕ್ಕರೆ ಏರುವುದು. ಹೀಗೆ ಊಟಕ್ಕೂ ಸೂಜಿಗೂ ಹೊಂದಾಣಿಕೆಯನ್ನು ಮಾಡಬೇಕಾಗಿ ಬಂದು, ಪಥ್ಯವು ನಿಷೇಧದ ಪಟ್ಟಿಯಿಂದ ಲೆಕ್ಕದ ವಿದ್ಯೆಯಾಗಿ ಮಾರ್ಪಟ್ಟಿತು. ಬಾಸ್ಟನ್ನಿನ ಎಲಿಯಟ್ ಜೋಸ್ಲಿನ್ 1918ರಲ್ಲಿಯೇ ವೈದ್ಯನಿಗೂ ರೋಗಿಗೂ ಕೂಡಿ ಒಂದು ಕೈಪಿಡಿಯನ್ನು ಬರೆದಿದ್ದನು. ಪಥ್ಯ, ವ್ಯಾಯಾಮ, ಇನ್ಸುಲಿನ್ ಎಂಬ ಮೂರು ಕುದುರೆಗಳ ರಥವನ್ನು ರೋಗಿಯೇ ನಡೆಸಬೇಕೆಂಬುದು ಅವನ ಬೋಧೆ. ಅವನು ತರಬೇತು ಮಾಡಿದ ದಾದಿಯರು ರೋಗಿಗಳ ಮನೆಗಳಿಗೆ ಹೋಗಿ ತೂಗುವುದನ್ನೂ ಅಳೆಯುವುದನ್ನೂ ಚುಚ್ಚುವುದನ್ನೂ ಕಲಿಸಿದರು. ಊಟ ಬಲ್ಲವನಿಗೆ ರೋಗವಿಲ್ಲವೆಂಬ ನಮ್ಮ ಗಾದೆಯು ಬಲ್ಮೆಯನ್ನು ವೈದ್ಯನಿಗೆ ವಹಿಸದೆ ಉಣ್ಣುವವನಿಗೇ ಒಪ್ಪಿಸಿರುವುದನ್ನು ಜೋಸ್ಲಿನ್ನನ ಕೆಲಸವನ್ನು ನೋಡಿದ ಮೇಲೆಯೇ ನಾನು ಗಮನಿಸಿದೆನು.

ಆಹಾರವನ್ನು ಅಳೆದು ಕೊಡುವುದೇ ಒಂದು ವೃತ್ತಿಯಾಗಿ ನೆಲೆನಿಂತುದೂ ಈ ಅವಧಿಯಲ್ಲಿಯೇ. ಫ್ಲಾರೆನ್ಸ್ ನೈಟಿಂಗೇಲಳು 1859ರಲ್ಲಿ ಶುಶ್ರೂಷೆಯನ್ನು ಕುರಿತು ಬರೆದ ಚಿಕ್ಕ ಪುಸ್ತಕದಲ್ಲಿ ರೋಗಿಯ ಆಹಾರಕ್ಕೆ ಎರಡು ಅಧ್ಯಾಯಗಳನ್ನು ಮೀಸಲಿಟ್ಟಳು. ಸಮೃದ್ಧಿಯ ನಡುವೆಯೂ ರೋಗಿಗಳು ಹಸಿದು ಸೊರಗುವುದು ಹೊತ್ತು ನೋಡಿ, ಮನಸ್ಸು ನೋಡಿ ಕೊಡುವವರಿಲ್ಲದೆ ಎಂಬುದು ಅವಳ ಅನುಭವ. 1899ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್ ಎಂಬಲ್ಲಿ ಸೇರಿದ ಗೃಹವಿಜ್ಞಾನದ ಸಮ್ಮೇಳನವು ‘ಡಯಟೀಷಿಯನ್’ ಎಂಬ ಹೆಸರಿಗೆ ಖಚಿತವಾದ ಅರ್ಥವನ್ನು ಕೊಟ್ಟಿತು. 1917ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಲೆನಾ ಕೂಪರ್ ಮತ್ತು ಲೂಲು ಗ್ರೇವ್ಸ್ ಎಂಬ ಮಹಿಳೆಯರ ಮುಂದಾಳ್ತನದಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ಅವರ ಸಂಘ ಸ್ಥಾಪಿತವಾಯಿತು. ವೈದ್ಯನ ಚೀಟಿಯಲ್ಲಿರುವ ಗ್ರಾಮುಗಳನ್ನು ತಟ್ಟೆಯ ಮೇಲಿನ ಊಟವನ್ನಾಗಿ ಮಾರ್ಪಡಿಸುವ ಈ ವಿದ್ಯೆಯನ್ನು ಬಹುಮಟ್ಟಿಗೆ ಹೆಂಗಸರೇ ಕಟ್ಟಿ ಬೆಳೆಸಿದರೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಲೆಕ್ಕವನ್ನು ಸುಲಭಗೊಳಿಸಿದವರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಆರ್. ಡಿ. ಲಾರೆನ್ಸನು ಅಗ್ರಗಣ್ಯ. ಅವನು ತಾನೇ ಮಧುಮೇಹಿ. ಬದುಕುವ ಆಸೆಯನ್ನು ಬಿಟ್ಟು, ಮನೆಯವರ ಕಣ್ಣೆದುರು ಸಾಯಬಾರದೆಂದು ಇಟಲಿಯ ಫ್ಲಾರೆನ್ಸಿಗೆ ಹೋಗಿ ನೆಲೆಸಿದ್ದವನನ್ನು 1923ರಲ್ಲಿ ಇನ್ಸುಲಿನ್ ಬಂದಿದೆಯೆಂಬ ಸುದ್ದಿಯು ಲಂಡನ್ನಿಗೆ ಹಿಂದಕ್ಕೆ ಕರೆಯಿತು. ಉಳಿದ ಆಯುಷ್ಯವನ್ನು ಅವನು ಸಹರೋಗಿಗಳಿಗೆ ಸಲ್ಲಿಸಿದನು. ಹತ್ತು ಗ್ರಾಂ ಶರ್ಕರಪಿಷ್ಟವಿರುವ ಆಹಾರಗಳನ್ನು ಕಪ್ಪು ಪಾಲೆಂದೂ, ಸಸಾರಜನಕ ಮತ್ತು ಕೊಬ್ಬಿನವುಗಳನ್ನು ಕೆಂಪು ಪಾಲೆಂದೂ ವಿಂಗಡಿಸಿ, ಕಪ್ಪಿಗೆ ಕಪ್ಪನ್ನೂ ಕೆಂಪಿಗೆ ಕೆಂಪನ್ನೂ ಬದಲಾಯಿಸಿಕೊಂಡು ಇಷ್ಟ ಬಂದುದನ್ನು ಉಣ್ಣಬಹುದೆಂಬ ಅವನ ಕ್ರಮವು, ಪಥ್ಯದೊಳಗೆ ಆಯ್ಕೆಯ ಸ್ವಾತಂತ್ರ್ಯವನ್ನು ತಂದಿತು. ತನ್ನ ರೋಗಿಯಾದ ಲೇಖಕ ಎಚ್. ಜಿ. ವೆಲ್ಸನೊಡನೆ ಸೇರಿ 1934ರಲ್ಲಿ ಮಧುಮೇಹಿಗಳ ಸಂಘವನ್ನೂ ಅವನು ಸ್ಥಾಪಿಸಿದನು. 1950ರಲ್ಲಿ ಅಮೆರಿಕದ ಸಂಸ್ಥೆಗಳು ಕೂಡಿ ಹೊರಡಿಸಿದ ಆರು ವರ್ಗಗಳ ಬದಲಿ ಪಟ್ಟಿಗಳೂ ಇದೇ ದಾರಿಯವು. ಒಂದು ಇಡ್ಲಿಗೆ ಬದಲಾಗಿ ಎಷ್ಟು ಅವಲಕ್ಕಿ, ಒಂದು ರೊಟ್ಟಿಗೆ ಬದಲಾಗಿ ಎಷ್ಟು ಅನ್ನ ಎಂದು ಇಂದು ನಮ್ಮ ಆಹಾರತಜ್ಞೆಯರು ಹೇಳಿಕೊಡುವ ಲೆಕ್ಕದ ಬೇರು ಅಲ್ಲಿದೆ.

ಆದರೆ ಇಡ್ಲಿ ಅವಲಕ್ಕಿಗಳನ್ನು ಲೆಕ್ಕಕ್ಕೆ ತರಬೇಕಾದರೆ ಮೊದಲು ಅವುಗಳಲ್ಲಿ ಏನಿದೆಯೆಂದು ಯಾರಾದರೂ ಅಳೆದಿರಬೇಕಷ್ಟೆ. ಆ ಕಾರ್ಯ ನೀಲಗಿರಿಯ ಕೂನೂರಿನಲ್ಲಿ ನಡೆಯಿತು. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅಲ್ಲಿನ ಪಾಸ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ತೊಡಗಿದ ಕೆಲಸವು ಪೌಷ್ಟಿಕಾಹಾರದ ಸಂಶೋಧನಾಲಯವಾಗಿ ಬೆಳೆದು, ಆತನ ತರುವಾಯ ಬಂದ ಡಬ್ಲ್ಯು. ಆರ್. ಐಕ್ರಾಯ್ಡನ ಕಾಲದಲ್ಲಿ, 1937ರಲ್ಲಿ, ಭಾರತೀಯ ಆಹಾರಗಳ ಪೋಷಕಮೌಲ್ಯವನ್ನು ತಿಳಿಸುವ ಕೋಷ್ಟಕಗಳ ಪುಸ್ತಿಕೆಯನ್ನು ಹೊರತಂದಿತು. ರಾಗಿ, ಜೋಳ, ಹುರುಳಿ, ನುಗ್ಗೆಸೊಪ್ಪು ಇವೆಲ್ಲ ಅಂಕಿಗಳಾಗಿ ಅಚ್ಚಿನ ಪುಟವನ್ನು ಏರಿದವು. 1958ರಲ್ಲಿ ಸಂಶೋಧನಾಲಯವು ಹೈದರಾಬಾದಿಗೆ ಸ್ಥಳಾಂತರಗೊಂಡು, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಪರಿಷ್ಕರಿಸಿದ ಕೋಷ್ಟಕಗಳೂ, 2017ರಲ್ಲಿ 528 ಆಹಾರಗಳನ್ನು ಹೊಸದಾಗಿ ವಿಶ್ಲೇಷಿಸಿ ಪ್ರಕಟಿಸಿದ ಕೋಷ್ಟಕಗಳೂ ಅಲ್ಲಿಂದಲೇ ಬಂದವು. ಮದರಾಸಿನಲ್ಲಿ 1948ರಲ್ಲಿ ಸ್ಟ್ಯಾನ್ಲಿ ಆಸ್ಪತ್ರೆಯೊಳಗೆ ಮಧುಮೇಹಕ್ಕಾಗಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದ ಎಂ. ವಿಶ್ವನಾಥನ್ ಅವರು, ಧಾನ್ಯಗಳನ್ನು ತೀರ ಕಡಿತಗೊಳಿಸುವ ವಿದೇಶೀ ಪಥ್ಯವು ಅನ್ನ ತಿಂದು ಬೆಳೆದವರಿಗೆ ಸಲ್ಲದೆಂದು ಕಂಡು, ನಾರು ಹೆಚ್ಚಾಗಿರುವ ಧಾನ್ಯ, ಬೇಳೆಕಾಳು, ತರಕಾರಿಗಳ ಪಥ್ಯವನ್ನೇ ಪುಷ್ಟೀಕರಿಸಿದರು. ದೇಶವೂ ಅಭ್ಯಾಸವೂ ಹೀಗೆ ಲೆಕ್ಕದೊಳಕ್ಕೆ ಹಿಂದಿರುಗತೊಡಗಿದವು.

ಆದರೂ ಈ ತಿಳಿವು ಎಲ್ಲ ಆಸ್ಪತ್ರೆಗಳ ಮೇಜಿನವರೆಗೆ ಬಂದು ಮುಟ್ಟಿತೆಂದು ಹೇಳಲಾರೆ. ವಿಜಯಪುರ ಸೀಮೆಯಲ್ಲಿ ಶಾಲಾ ಮಾಸ್ತರರಾಗಿ ನಿವೃತ್ತರಾಗಿದ್ದ ನನ್ನ ಸೋದರಮಾವನವರಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ, ಒಂದು ಆಸ್ಪತ್ರೆಯಲ್ಲಿ ಅವರ ಕೈಗೆ ಅಚ್ಚುಮಾಡಿದ ಒಂದು ಹಾಳೆಯನ್ನು ಕೊಟ್ಟರು. ಬೆಳಿಗ್ಗೆ ಓಟ್ಸ್, ಹನ್ನೊಂದಕ್ಕೆ ಸೇಬು, ಮಧ್ಯಾಹ್ನ ಎರಡು ಚಪಾತಿ ಎಂದು ಅದರಲ್ಲಿತ್ತು. ಅವರು ಅದನ್ನು ಎರಡು ಸಾರಿ ಓದಿ, ಕನ್ನಡಕವನ್ನು ತೆಗೆದು, “ಇದರಾಗ ನಮ್ಮ ರೊಟ್ಟಿ ಎಲ್ಲೈತಿ, ತಮ್ಮಾ?” ಎಂದು ನನ್ನನ್ನು ಕೇಳಿದರು. ಹಾಳೆ ಪಂಚಾಂಗದ ನಡುವೆ ಸೇರಿತು. ಸಕ್ಕರೆ ಏರುತ್ತಲೇ ಹೋಯಿತು. ವರ್ಷವೊಂದು ಕಳೆದ ಮೇಲೆ ಬೇರೊಂದು ಊರಿನಲ್ಲಿ ಒಬ್ಬ ತರುಣ ಆಹಾರತಜ್ಞೆ ಅವರನ್ನು ಎದುರಿಗೆ ಕೂರಿಸಿಕೊಂಡು, ರೊಟ್ಟಿ ಎಷ್ಟು ಅಗಲ, ಎಷ್ಟು ದಪ್ಪ, ತೆಳ್ಳನೆಯ ಕಟಿ ರೊಟ್ಟಿಯೋ ಮೆತ್ತನೆಯದೋ, ಶೇಂಗಾ ಹಿಂಡಿ ಎಷ್ಟು ಚಮಚ, ಚಹಕ್ಕೆ ಬೆಲ್ಲವೋ ಸಕ್ಕರೆಯೋ, ರಾತ್ರಿಯ ಊಟ ಎಷ್ಟು ಹೊತ್ತಿಗೆ ಎಂದು ಅರ್ಧ ಗಂಟೆ ವಿಚಾರಿಸಿದಳು. ನಾಲ್ಕು ರೊಟ್ಟಿಯನ್ನು ಎರಡಕ್ಕೆ ಇಳಿಸಿ, ಪುಂಡಿಪಲ್ಯವನ್ನೂ ಹೆಸರುಕಾಳನ್ನೂ ಏರಿಸಿ, ಹಿಂಡಿಯನ್ನು ಒಂದು ಚಮಚಕ್ಕೆ ನಿಲ್ಲಿಸಿ, ರಾತ್ರಿಯ ಊಟವನ್ನು ಬೇಗನೆ ಮುಗಿಸುವಂತೆ ಮಾಡಿದಳು. ಮಾವನವರು ಆ ಪಥ್ಯವನ್ನು ಮತ್ತೆ ಬಿಡಲಿಲ್ಲ. ಅವರ ತಟ್ಟೆಯಲ್ಲಿ ಅವರ ಊರು ಉಳಿದಿತ್ತು.

ಇದರಂತೆಯೇ ಗಮನಿಸಬೇಕಾದುದು ರಾಗಿಯ ವಿಷಯ. ಹಳೆಯ ಮೈಸೂರಿನ ಕಡೆ ಸಕ್ಕರೆ ಕಾಯಿಲೆಯೆಂದೊಡನೆ ಅನ್ನವನ್ನು ಬಿಟ್ಟು ಮುದ್ದೆಗೆ ತಿರುಗುವುದು ರೂಢಿ. ರಾಗಿಯು ಶ್ರೇಷ್ಠವಾದ ಧಾನ್ಯವೆಂಬುದರಲ್ಲಿ ಸಂದೇಹವಿಲ್ಲ. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣಾಂಶವಿರುವುದನ್ನು ಗೋಪಾಲನ್ನರು ಪರಿಷ್ಕರಿಸಿದ ಕೋಷ್ಟಕಗಳು ತೋರಿಸಿವೆ, ಅಕ್ಕಿಯಲ್ಲಿರುವುದು ಅದರ ಅಲ್ಪಾಂಶ ಮಾತ್ರ. ಆದರೆ ಅದೇ ಕೋಷ್ಟಕಗಳಲ್ಲಿ ಶರ್ಕರಪಿಷ್ಟದ ಅಂಕಣವನ್ನು ನೋಡಿದರೆ ಅಕ್ಕಿಗೆ 78 ಗ್ರಾಂ, ರಾಗಿಗೆ 72 ಗ್ರಾಂ ಎಂದಿದೆ, ಅಂತರ ಬಹಳವಿಲ್ಲ. ಎರಡು ದೊಡ್ಡ ಮುದ್ದೆಗಳನ್ನು ನುಂಗಿ, ತಾನು ಪಥ್ಯದಲ್ಲಿರುವೆನೆಂದು ನಂಬಿದವನಿಗೆ ಪದಾರ್ಥದ ಪ್ರಕೃತಿಯನ್ನು ಹೇಳಿದವರಿದ್ದಾರೆ, ರಾಶಿಯನ್ನು ಹೇಳಿದವರಿಲ್ಲ. ಗದ್ದೆಯಲ್ಲಿ ದಿನವಿಡೀ ದುಡಿಯುವವನಿಗೆ ಆ ಎರಡು ಮುದ್ದೆ ತಕ್ಕುದಾಗಿರಬಹುದು. ಅಂಗಡಿಯ ಗಲ್ಲಾದ ಮುಂದೆ ಕುಳಿತಿರುವ ಅವನ ತಮ್ಮನಿಗೆ ಅರ್ಧ ಮುದ್ದೆಯೂ, ಬೊಗಸೆ ತುಂಬ ಸೊಪ್ಪಿನ ಬಸ್ಸಾರೂ ಸಾಕಾಗಬಹುದು.

ಎಲಿಜಬೆತ್ ಹ್ಯೂಸ್ ತೀರಿಕೊಂಡ 1981ರಲ್ಲಿಯೇ, ಅವಳು ಮರುಜನ್ಮ ಪಡೆದ ಟೊರಾಂಟೊ ನಗರದಲ್ಲಿಯೇ ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರು, ಸಮತೂಕದ ಶರ್ಕರಪಿಷ್ಟವುಳ್ಳ ಬೇರೆ ಬೇರೆ ಆಹಾರಗಳು ರಕ್ತದ ಸಕ್ಕರೆಯನ್ನು ಬೇರೆ ಬೇರೆ ವೇಗದಲ್ಲಿ ಏರಿಸುತ್ತವೆಂದು ತೋರಿಸಿ, ಅವುಗಳಿಗೆ ಒಂದು ಸೂಚ್ಯಂಕವನ್ನು ಕೊಟ್ಟರು. ಬೇಳೆಕಾಳುಗಳು ಕೆಳಗಿನ ಮೆಟ್ಟಿಲಲ್ಲಿಯೂ ಬಿಳಿಯ ಬ್ರೆಡ್ಡು ಮೇಲಿನ ಮೆಟ್ಟಿಲಲ್ಲಿಯೂ ನಿಂತವು. ಅಳತೆಯ ಶಾಸ್ತ್ರವು ಇಲ್ಲಿಗೆ ಸಂಪೂರ್ಣವಾಯಿತೆಂದು ತೋರುವಷ್ಟರಲ್ಲಿ, 2015ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ಎಂಟುನೂರು ಮಂದಿಯ ಶರೀರಕ್ಕೆ ಸಕ್ಕರೆಯನ್ನು ಸತತವಾಗಿ ಅಳೆಯುವ ಉಪಕರಣವನ್ನು ಜೋಡಿಸಿ ಒಂದು ವಾರ ನೋಡಿದರು. ಒಂದೇ ಆಹಾರವು ಒಬ್ಬನಲ್ಲಿ ಸಕ್ಕರೆಯನ್ನು ಏರಿಸಿ ಇನ್ನೊಬ್ಬನಲ್ಲಿ ಏರಿಸದೆ ಬಿಟ್ಟಿತು. ಬಾಳೆಹಣ್ಣು ಒಬ್ಬನಿಗೆ ಅಪಥ್ಯವಾಗಿ ಬಿಸ್ಕತ್ತು ನಿರುಪದ್ರವಿಯಾಗಿದ್ದರೆ, ಮತ್ತೊಬ್ಬನಲ್ಲಿ ಅದು ತಲೆಕೆಳಗಾಗಿತ್ತು. ಚರಕನ ಪಟ್ಟಿಯ ಎಂಟನೆಯವನಾದ ಉಣ್ಣುವವನು ಪ್ರಯೋಗಶಾಲೆಯ ಬಾಗಿಲನ್ನು ತಟ್ಟಿ ಒಳಗೆ ಬಂದುದು ಹೀಗೆ. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ನಾನು ಹೇಳುತ್ತಿಲ್ಲ; ಇನ್ಸುಲಿನ್ ಅವರಿಗೆ ತಿಳಿದಿರಲಿಲ್ಲ, ಮಕ್ಕಳು ಸಾಯುತ್ತಿದ್ದರು. ಆದರೆ ಪ್ರಶ್ನೆಯನ್ನು ಕೇಳಬೇಕಾದ ಸ್ಥಳ ಯಾವುದೆಂಬುದು ಅವರಿಗೆ ತಿಳಿದಿತ್ತು.

ಇಂದು ವೃತ್ತಿಯನ್ನು ಬಲ್ಲ ಆಹಾರತಜ್ಞೆಯೊಬ್ಬಳು ಮಾಡುವ ಕೆಲಸವನ್ನು ನೋಡಿದವರಿಗೆ ಈ ಚರಿತ್ರೆಯೆಲ್ಲ ಅದರಲ್ಲಿ ಅಡಗಿರುವುದು ಕಾಣುತ್ತದೆ. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಏನೇನು ತಿಂದಿರೆಂದು ಅವಳು ಕೇಳುವಳು. ರಕ್ತಪರೀಕ್ಷೆಯ ಅಂಕಿಗಳೊಡನೆ ಅದನ್ನು ತಾಳೆನೋಡುವಳು. ಮಧುಮೇಹದೊಡನೆ ಮೂತ್ರಪಿಂಡವೂ ದುರ್ಬಲವಾಗಿದ್ದರೆ ನಿನ್ನೆ ಹಿತವೆಂದ ಎಳನೀರನ್ನೂ ಬೇಳೆಯನ್ನೂ ಇಂದು ಮಿತಿಗೊಳಿಸುವಳು. ಪೊಟ್ಯಾಸಿಯಮ್ ಇಳಿಯಲೆಂದು ತರಕಾರಿಯನ್ನು ಬೇಯಿಸಿ ನೀರನ್ನು ಬಸಿದು ಚೆಲ್ಲಿರೆಂದು ಹೇಳುವಾಗ, ಬೇರೊಂದು ಉದ್ದೇಶಕ್ಕೆ ಪ್ಯಾರಿಸ್ಸಿನಲ್ಲಿ ಹುಟ್ಟಿದ ಹಳೆಯ ಉಪಾಯವು ಹೊಸ ಪ್ರಯೋಜನಕ್ಕೆ ಬರುತ್ತದೆ. ಏಕಾದಶಿಯ ಉಪವಾಸದಲ್ಲಿ, ರಂಜಾನಿನ ರೋಜಾದಲ್ಲಿ ಮದ್ದಿಗೂ ಊಟಕ್ಕೂ ಹೊತ್ತನ್ನು ಹೇಗೆ ಹೊಂದಿಸಬೇಕೆಂಬುದನ್ನು ವೈದ್ಯನೊಡನೆ ವಿಚಾರಿಸಿ ತಿಳಿಸುವಳು. ಗರ್ಭಿಣಿಗೆ ಬೇರೆ, ಎಪ್ಪತ್ತರ ವೃದ್ಧನಿಗೆ ಬೇರೆ. ಒಂದು ಸಲ ಹೇಳಿ ಮುಗಿಸುವ ಮಾತಲ್ಲ ಅದು. ತಿಂಗಳಿಗೊಮ್ಮೆ ನೋಡಿ, ತಿದ್ದಿ, ಮತ್ತೆ ಹೇಳಬೇಕಾದುದು.

ನಮ್ಮ ದೇಶದಲ್ಲಿ ಆಹಾರತಜ್ಞರ ಸಂಘವು 1963ರಲ್ಲಿ ಆರಂಭವಾಯಿತು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು ಹತ್ತು ಕೋಟಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಔಷಧದ ಕಿಟಕಿಯಿರುವಂತೆ, ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ಊಟದ ಮಾತನಾಡುವ ಒಂದು ಕುರ್ಚಿಯೂ ಇರಬೇಕು. ಅದನ್ನು ಕೇಳುವ ಹಕ್ಕು ಜನರಿಗಿದೆ. ಅಂತಹ ಕುರ್ಚಿಯ ಮುಂದೆ ಕುಳಿತುಕೊಳ್ಳುವ ಭಾಗ್ಯ ದೊರೆತಾಗ ಓದುಗರು ಸಂಕೋಚಪಡದೆ ತಮ್ಮ ಊಟವನ್ನು ಇದ್ದುದು ಇದ್ದಂತೆ ಹೇಳಬೇಕು, ಹಬ್ಬದ ಹೋಳಿಗೆಯನ್ನೂ ಸಂಜೆಯ ಬೋಂಡವನ್ನೂ ಬಚ್ಚಿಡಬಾರದು. ಮತ್ತು ಮನೆಯಲ್ಲಿ ದಿನವೂ ಬಡಿಸುವ ಸೌಟು ಬಟ್ಟಲುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕೆಂದು ನಾನು ಕೇಳಿಕೊಳ್ಳುತ್ತೇನೆ.